ನೀಲಕ್ಕನ ನಂಬರುಗಳು ಮರಳಿದ ವರ್ಷ

ಹೋದ ತಿಂಗಳು ಒಂದು ಮದುವೆಗೆಂದು ಕಡೂರಿಗೆ ಹೋಗಿದ್ದೆ. ಬಸ್ಸಿಳಿದು ಛತ್ರದ ದಾರಿ ಹಿಡಿದವಳು ಒಂದು ಬ್ಯಾಟರಿ ಅಂಗಡಿಯ ಮುಂದೆ ಗಕ್ಕನೆ ನಿಂತುಬಿಟ್ಟೆ. ಒಳಗೆ ಲಾರಿಯ ಬ್ಯಾಟರಿಗಳಿಗೆ ಆಸಿಡ್ ತುಂಬುತ್ತಿದ್ದರು. ಆ ಹುಳಿಹುಳಿ ವಾಸನೆ, ಮೂಗಿನೊಳಗೆ ಚುರ್ರೆನ್ನುವ ವಾಸನೆ! ಜೊತೆಗಿದ್ದ ಮಗಳು "ಅಮ್ಮಾ, ತಲೆನೋವು ಬರುತ್ತೆ, ನಡಿ" ಎಂದಳು. ನನಗೋ ಕಾಲೇ ಕೀಳಲಾಗಲಿಲ್ಲ. ನಲವತ್ತು ವರ್ಷಕ್ಕೂ ಹಿಂದೆ ಇದೇ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾನು ಆಪರೇಟರ್ ಆಗಿದ್ದಾಗ, ಪಕ್ಕದ ಬ್ಯಾಟರಿ ಕೋಣೆಯಿಂದ ದಿನವಿಡೀ ಬರುತ್ತಿದ್ದದ್ದು ಇದೇ ವಾಸನೆ. ಅದರೊಳಗೆ ಕೂತೇ ನನ್ನ ಇಪ್ಪತ್ತೆರಡನೇ ವಯಸ್ಸು ಕಳೆಯಿತು. ಒಬ್ಬ ಹೆಂಗಸಿನ ಕಳೆದುಹೋದ ನೆನಪು ಒಂದೊಂದೇ ಅಂಕಿಯಾಗಿ ಹಿಂದಿರುಗುವುದನ್ನು ನಾನು ಕಣ್ಣಾರೆ ನೋಡಿದ್ದು ಆ ವರ್ಷ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ತುಮಕೂರಿನವಳಾದ ನಾನು ತರಬೇತಿ ಮುಗಿಸಿ ಟ್ರಂಕು ಹಿಡಿದು ಕಡೂರಿಗೆ ಬಂದಾಗ ಆಷಾಢ. ಅದೇನು ಗಾಳಿ ಅಂತೀರಿ! ಸೆರಗು ನಿಲ್ಲದು, ಕೊಡೆ ನಿಲ್ಲದು, ಸ್ಟೇಷನ್ ರಸ್ತೆಯ ತೆಂಗಿನ ಮರಗಳು ನೆಲ ಮುಟ್ಟುವಂತೆ ಬಾಗುತ್ತಿದ್ದವು. ಕಂಬದಿಂದ ಕಂಬಕ್ಕೆ ಹೋದ ತಂತಿಗಳು ಗಾಳಿಗೆ ಒಂದಕ್ಕೊಂದು ತಾಗಿ, ಒಬ್ಬರ ಮಾತಿನೊಳಗೆ ಇನ್ನೊಬ್ಬರ ಮಾತು ಬೆರೆತುಹೋಗುತ್ತಿತ್ತು. ಕೊಬ್ಬರಿ ಮಂಡಿಯವರು ತಿಪಟೂರಿನ ಧಾರಣೆ ಕೇಳುತ್ತಿದ್ದರೆ ಮಧ್ಯದಲ್ಲಿ ಯಾರದೋ ಮನೆಯ ಬಾಣಂತನದ ಸುದ್ದಿ ನುಗ್ಗುತ್ತಿತ್ತು.

ಆಗ ಫೋನೆಂದರೆ ಈಗಿನಂತಲ್ಲ. ಊರಿನ ಎಲ್ಲ ಫೋನುಗಳ ತಂತಿ ನಮ್ಮೆದುರಿನ ಬೋರ್ಡಿಗೆ ಬಂದು ಸೇರುತ್ತಿತ್ತು. ಯಾರಾದರೂ ಫೋನಿನ ಹಿಡಿಕೆ ತಿರುಗಿಸಿದರೆ ಬೋರ್ಡಿನಲ್ಲಿ ಅವರ ನಂಬರಿನ ಸಣ್ಣ ಮುಚ್ಚಳ ಟಕ್ಕೆಂದು ಬೀಳುವುದು. ನಾವು ಅಲ್ಲಿಗೆ ಪ್ಲಗ್ ಚುಚ್ಚಿ "ನಂಬರ್ ಪ್ಲೀಸ್" ಎನ್ನುವುದು. ಅವರು ಕೇಳಿದ ನಂಬರಿನ ತೂತಿಗೆ ಇನ್ನೊಂದು ಪ್ಲಗ್ ಹಾಕಿ ಜೋಡಿಸುವುದು. ಆದರೆ ಕಡೂರಿನಲ್ಲಿ ಯಾರೂ ನಂಬರ್ ಹೇಳುತ್ತಲೇ ಇರಲಿಲ್ಲ! "ಗೊಬ್ಬರದ ಅಂಗ್ಡಿ ಕೊಡಮ್ಮ", "ನಮ್ಮ ಮಾವನ ಮನೆ ಕೊಡಿ", "ಆ ಕನ್ನಡಕದ ಡಾಕ್ಟ್ರು" ಎನ್ನುತ್ತಿದ್ದರು. ನಾನು ಪುಸ್ತಕ ತೆಗೆದು ಹುಡುಕುವಷ್ಟರಲ್ಲಿ ಅವರು ರೇಗುತ್ತಿದ್ದರು. "ನೀಲಮ್ಮ ಇಲ್ವೇನ್ರೀ? ಅವರಿಗಾದ್ರೆ ಎಲ್ಲಾ ಗೊತ್ತಿತ್ತು."

ಯಾರು ಈ ನೀಲಮ್ಮ? ಸೂಪರ್‌ವೈಸರ್ ರಾಮಣ್ಣನವರನ್ನು ಕೇಳಿದೆ. ಐವತ್ತು ದಾಟಿದ ಮನುಷ್ಯ, ರೂಲ್ಸ್ ಪುಸ್ತಕವನ್ನು ಪಂಚಾಂಗದಂತೆ ಓದುವವರು. ಅವರ ಮುಖ ಅರಳಿತು. "ನೀಲಾಂಬಿಕೆ ಅಂತ. ಅಜ್ಜಂಪುರದವರು. ಇನ್ನೂರು ಚಿಲ್ಲರೆ ನಂಬರು ಬಾಯಲ್ಲೇ ಇತ್ತಮ್ಮ. ಕೆಮ್ಮಿದ್ರೆ ಸಾಕು, ಯಾರು ಅಂತ ಹೇಳೋರು." ಆಮೇಲೆ ದನಿ ತಗ್ಗಿಸಿದರು. "ಹೋದ ವರ್ಷ ಕಾಯಿಲೆ ಆಯ್ತು. ಪ್ಲಗ್ ಹಾಕದೇ ಇದ್ರೂ ಹೆಡ್‌ಸೆಟ್ಟಲ್ಲಿ ಜನ ನನ್ನ ಬಗ್ಗೆ ಮಾತಾಡ್ತಾರೆ ಅನ್ನೋರು. ಒಂದಿನ ಹೆಡ್‌ಸೆಟ್ ಕಿತ್ತು ಎಸೆದು ಬೀದಿಗೆ ಓಡಿದ್ರು. ಬೆಂಗಳೂರಲ್ಲಿ ಎರಡು ತಿಂಗಳು ಆಸ್ಪತ್ರೆಲಿದ್ರು. ಮುಂದಿನ ವಾರ ಡ್ಯೂಟಿಗೆ ಬರ್ತಾರೆ. ನಿಮ್ಮ ಪಕ್ಕದ ಸೀಟೇ."

ನನಗೆ ಭಯವಾಗಲಿಲ್ಲವೆಂದರೆ ಸುಳ್ಳಾದೀತು. ಆದರೆ ಬಂದವಳನ್ನು ನೋಡಿ ಭಯ ಹೋಗಿ ಸಂಕಟವಾಯಿತು. ಮೂವತ್ತೈದರ ಹೆಂಗಸು. ದಪ್ಪ ಜಡೆ, ಹಣೆಯಲ್ಲಿ ತೆಳ್ಳಗೆ ವಿಭೂತಿ. ಅಜ್ಜಂಪುರದಿಂದ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಬಂದು, ನಿಧಾನವಾಗಿ ಚಪ್ಪಲಿ ಬಿಟ್ಟು, ಚೊಂಬಿನ ತುಂಬ ನೀರಿಟ್ಟುಕೊಂಡು ಕೂತಳು. ಮಾತಾಡುವಾಗ ತುಟಿ ಒಣಗಿ ಹಲ್ಲಿಗಂಟುತ್ತಿತ್ತು. ಚೀಟಿಯ ಮೇಲಿನ ಅಕ್ಷರ ಮಂಜಾಗುತ್ತದೆಂದು ಕೈ ಉದ್ದ ಮಾಡಿ ಹಿಡಿದು ಓದುತ್ತಿದ್ದಳು. ನಗು ಬರಬೇಕಾದ ಕಡೆ ಮುಖದಲ್ಲಿ ಏನೂ ಬರುತ್ತಿರಲಿಲ್ಲ.

ಮೊದಲ ಮುಚ್ಚಳ ಬಿತ್ತು. "ಕೊಬ್ಬರಿ ಮಂಡಿ ಕೊಡಮ್ಮ" ಎಂದಿತು ಆ ಕಡೆಯ ದನಿ. ನೀಲಕ್ಕ ಪ್ಲಗ್ ಎತ್ತಿದಳು. ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಕಣ್ಣು ಬೋರ್ಡಿನ ಉದ್ದಗಲ ಅಲೆಯಿತು. ಹತ್ತು ವರ್ಷ ದಿನಕ್ಕೆ ಹತ್ತು ಸಲ ಕೊಟ್ಟ ನಂಬರು!

"ನಲವತ್ಮೂರು" ಎಂದು ಪಿಸುಗುಟ್ಟಿದೆ.

ಅವಳು ನನ್ನತ್ತ ತಿರುಗಿ, "ಹೌದಲ್ವಾ?" ಎಂದಳು, ತನ್ನದೇ ಮನೆಯ ಬಾಗಿಲನ್ನು ಬೇರೆಯವರು ತೋರಿಸಿಕೊಟ್ಟಂತೆ.

ಅಂದು ಊಟದ ಹೊತ್ತಿಗೆ ರಾಮಣ್ಣ ಇಬ್ಬರನ್ನೂ ಕರೆದು ಹೇಳಿದರು. ಸಂಕ್ರಾಂತಿ ಕಳೆದ ಮೇಲೆ ಡಿವಿಷನ್ನಿನಿಂದ ಆಫೀಸರ್ ಬಂದು ನೀಲಕ್ಕನ ಕೆಲಸ ನೋಡುತ್ತಾರೆ. ಬೋರ್ಡು ನಡೆಸುವುದಾದರೆ ಸರಿ, ಇಲ್ಲದಿದ್ದರೆ ಅನಾರೋಗ್ಯದ ಮೇಲೆ ಮನೆಗೆ. ಗಂಡ ತೀರಿಕೊಂಡ ಮೇಲೆ ನೀಲಕ್ಕ ಮತ್ತು ಅವಳ ಅತ್ತೆ ಗಂಗಮ್ಮ ಇಬ್ಬರೇ ಅಜ್ಜಂಪುರದಲ್ಲಿದ್ದರು. ಆ ಕೆಲಸವೇ ಅವರ ಮನೆಯ ಆಧಾರ. ಅದಕ್ಕಿಂತ ಹೆಚ್ಚಾಗಿ ಅದು ನೀಲಕ್ಕನ ಹೆಮ್ಮೆ.

"ಏನ್ ಮಾಡ್ಲಿ ಕಣೇ ಸಾವಿತ್ರಿ," ಎಂದಳು ನನ್ನ ಹತ್ತಿರ. "ಮೊದ್ಲು ತಲೇಲಿ ಗಲಾಟೆ ಇತ್ತು, ನಂಬರೂ ಇದ್ವು. ಈಗ ಗಲಾಟೆ ಇಲ್ಲ, ನಂಬರೂ ಇಲ್ಲ. ಮಾತ್ರೆ ಎರಡ್ನೂ ಒಟ್ಟಿಗೇ ಗುಡಿಸ್ಕೊಂಡು ಹೋಯ್ತು. ಒಳಗೆ ಹತ್ತಿ ತುಂಬ್ದಂಗೈತೆ."

ನಾನು ಹುರುಪಿನ ಹುಡುಗಿ. ಒಂದು ನೋಟ್‌ಬುಕ್ ತಂದೆ. ದಿನಾ ಟೀ ಹೊತ್ತಿನಲ್ಲಿ ಇಪ್ಪತ್ತು ಹೆಸರು ಕೇಳುವುದು, ಅವಳು ನಂಬರ್ ಹೇಳುವುದು, ಸರಿಯಾದದ್ದನ್ನು ನಾನು ಬರೆದಿಡುವುದು. ಮೊದಲ ದಿನ ಇಪ್ಪತ್ತಕ್ಕೆ ಆರು. ಮರುದಿನ ಐದು. ಶ್ರಾವಣವೆಲ್ಲ ಕಳೆದರೂ ಏಳರ ಮೇಲೆ ಏರಲಿಲ್ಲ. ನೆನ್ನೆ ಕಲಿತದ್ದು ಇಂದಿಗಿಲ್ಲ. ಗಾಳಿ ಜೋರಾಗಿ ತಂತಿಗಳು ಮಾತು ಬೆರೆಸಿದ ದಿನ ಅವಳು ಬೆವರುತ್ತಿದ್ದಳು. ಹೆಡ್‌ಸೆಟ್ಟಿನ ಒಂದು ಕಿವಿ ತೆಗೆದು ನನ್ನತ್ತ ಚಾಚಿ, "ನಿಂಗೂ ಕೇಳಿಸ್ತಾ?" ಎನ್ನುವಳು. "ಕೇಳಿಸ್ತು ನೀಲಕ್ಕ, ಅಕ್ಕಿ ಗಿರಣಿಯವರು" ಎಂದರೆ ಅವಳ ಭುಜ ಸಡಿಲವಾಗುತ್ತಿತ್ತು. ಹೊರಗಿನ ಗಲಾಟೆ ಯಾವುದು, ಒಳಗಿನದು ಯಾವುದು ಎಂದು ಅಳೆಯಲು ಅವಳಿಗಿದ್ದದ್ದು ನನ್ನ ಕಿವಿಯೊಂದೇ.

ಒಂದು ದಿನ ಅವಳು ಮಾತ್ರೆ ನುಂಗುವುದನ್ನು ನೋಡಿ ನಾನು ಹಗುರವಾಗಿ ಅಂದುಬಿಟ್ಟೆ: "ಎಲ್ಲಾ ಆ ಮಾತ್ರೆಯಿಂದ್ಲೇ ಇರ್ಬೇಕು ನೀಲಕ್ಕ. ಅದಿಲ್ದಿದ್ರೆ ನೀವು ನಂಬರೆಲ್ಲ ಪಟಪಟ ಅಂತ ಹೇಳ್ತಿದ್ರಿ." ಅವಳು ಚೊಂಬೆತ್ತಿ ಇನ್ನಷ್ಟು ನೀರು ಕುಡಿದಳು. ಆ ಮಾತು ಎಲ್ಲಿ ಹೋಗಿ ನಾಟಿತೆಂದು ನನಗೂ ತಿಳಿಯಲಿಲ್ಲ.

ನವರಾತ್ರಿ ಮುಗಿಯಿತು. ಆಯುಧಪೂಜೆಗೆ ಬೋರ್ಡಿಗೆ ಹೂ ಮುಡಿಸಿದ್ದೆವು. ಅದಾದ ಮೂರನೆಯ ದಿನ ಇಪ್ಪತ್ತಕ್ಕೆ ಹತ್ತು! ನಾಲ್ಕನೆಯ ದಿನ ಹದಿಮೂರು. ವಾರದ ಕೊನೆಗೆ ಹದಿನೆಂಟು. ಆ ಅಂಕಿಯ ಕೆಳಗೆ ಎರಡು ಗೆರೆ ಎಳೆದೆ. ಚೊಂಬಿನ ನೀರು ಸಂಜೆಯಾದರೂ ಅರ್ಧ ಉಳಿಯತೊಡಗಿತು. ಚೀಟಿಯನ್ನು ಹತ್ತಿರ ಹಿಡಿದು ಓದಿದಳು. ಒಮ್ಮೆ ಯಾರೋ ಫೋನಿನಲ್ಲಿ ಬರೀ ಕೆಮ್ಮಿದರು, ಅಷ್ಟೆ. "ಏನ್ ಗೌಡ್ರೇ, ಇನ್ನೂ ಹೋಗ್ಲಿಲ್ವಾ ಕೆಮ್ಮು? ಗಿರಣಿ ತಾನೆ, ಕೊಟ್ಟೆ ಇರಿ" ಎಂದು ಪ್ಲಗ್ ಹಾಕಿದಳು! ರಾಮಣ್ಣ ಕುರ್ಚಿಯಿಂದ ಎದ್ದೇಬಿಟ್ಟರು. ಆ ಕಡೆ ಗೌಡರು "ಅಯ್ಯೋ ನೀಲಮ್ಮಾ, ಬಂದ್ಬಿಟ್ರಾ!" ಎಂದು ಕೂಗಿದ್ದು ಕೋಣೆಗೆಲ್ಲ ಕೇಳಿಸಿತು. ನಾನು ಓಡಿಹೋಗಿ ಬೇಕರಿಯಿಂದ ಬೆಣ್ಣೆ ಬಿಸ್ಕತ್ತು ತಂದು ಎಲ್ಲರಿಗೂ ಹಂಚಿದೆ. ಅಭ್ಯಾಸ ಫಲ ಕೊಟ್ಟಿತೆಂದು ನನಗೆ ನನ್ನ ಮೇಲೇ ಭಾರಿ ಅಭಿಮಾನ.

ಎರಡನೆಯ ವಾರ ಅವಳು ಹೆಡ್‌ಸೆಟ್ ಚಾಚಿ "ನಿಂಗೂ ಕೇಳಿಸ್ತಾ?" ಎಂದಳು. ಗಾಳಿ ನಿಂತು ತಿಂಗಳಾಗಿತ್ತು. ಕಿವಿಗಿಟ್ಟುಕೊಂಡೆ. ಏನೂ ಇರಲಿಲ್ಲ. "ಇಲ್ಲ ನೀಲಕ್ಕ" ಎಂದೆ. ಅವಳು ಪ್ಲಗ್ಗುಗಳನ್ನೇ ನೋಡುತ್ತ ಕೂತಳು. ಅಂದು ಹದಿನಾಲ್ಕು. ಮರುದಿನ ಒಂಬತ್ತು. ನಾನು ಹೆಸರು ಹೇಳುತ್ತಿದ್ದರೆ ಅವಳ ಗಮನ ಬೇರೆ ಯಾರಿಗೋ ಓಗೊಡುತ್ತಿತ್ತು. ನನಗೆ ಅರ್ಥವಾಗಬೇಕಿತ್ತು. ಆಗಲಿಲ್ಲ.

ಅದಾದ ಮರುದಿನ ಅವಳ ಡ್ಯೂಟಿ ಮಧ್ಯಾಹ್ನಕ್ಕೇ ಮುಗಿದು ರೈಲಿಗೆ ಹೋದಳು. ಮೂರು ಗಂಟೆಯ ಸುಮಾರಿಗೆ ಅಜ್ಜಂಪುರದ ಕಡೆಯ ಲೈನಿನ ಮುಚ್ಚಳ ಬಿತ್ತು.

"ನಂಬರ್ ಪ್ಲೀಸ್."

"ಸಾವಿತ್ರೀ, ನಾನು ಕಣೇ."

"ನೀಲಕ್ಕಾ? ಎಲ್ಲಿಂದ?"

"ಶಿವನಿ. ಪೋಸ್ಟಾಫೀಸು. ಅಜ್ಜಂಪುರದಾಗೆ ಇಳೀಬೇಡ ಅಂದ್ರು. ನೀನು ಮನೆಗೆ ಹೋದ್ರೆ ನಿಮ್ಮತ್ತೆನ ಬಿಡಲ್ಲ ಅಂದ್ರು. ಅದ್ಕೇ ಮುಂದಕ್ಕೆ ಬಂದ್ಬಿಟ್ಟೆ."

"ಯಾರು ಅಂದ್ರು?"

"ಅವ್ರೇ. ಈಗ್ಲೂ ಅಂತಾವ್ರೆ. ಹಳಿ ಮೇಲೆ ಹೋಗು ಅಂತಾವ್ರೆ."

ರಾಮಣ್ಣನವರತ್ತ ಕೈ ಬೀಸಿ ಕರೆದೆ. ಅವರು ಒಂದೇ ಕ್ಷಣ ಕೇಳಿಸಿಕೊಂಡು ಪಕ್ಕದ ಸೀಟಿನಲ್ಲಿ ಕೂತು ಹೆಡ್‌ಸೆಟ್ ಹಾಕಿಕೊಂಡರು. ಅಜ್ಜಂಪುರದಲ್ಲಿ ಅವಳ ಮನೆ ಪಕ್ಕದ ದಿನಸಿ ಅಂಗಡಿಗೆ ಇನ್ನೊಂದು ಲೈನಿನಲ್ಲಿ ಫೋನು ಮಾಡಿ, ಗಂಗಮ್ಮನವರನ್ನು ಕೂಡಲೇ ಶಿವನಿಗೆ ಕಳಿಸುವಂತೆ ಹೇಳಿದರು. ನನಗೆ, "ಲೈನ್ ಬಿಡಬೇಡಮ್ಮ. ಬೇರೆ ಊರಿನ ಟ್ರಂಕ್ ಕಾಲ್ ಎಲ್ಲಾ ಕಾಯ್ಲಿ. ಮೇಲಿನವರಿಗೆ ನಾನು ಉತ್ತರ ಕೊಡ್ತೀನಿ" ಎಂದರು. ರೂಲ್ಸ್ ಪುಸ್ತಕದ ರಾಮಣ್ಣ!

"ನೀಲಕ್ಕ, ಮಾತ್ರೆ ತಗೊಂಡ್ರಾ?"

"ಆಯುಧಪೂಜೆ ದಿನದಿಂದ ಬಿಟ್ಟೆ. ನೀನೇ ಅಂದ್ಯಲ್ಲ ಕಣೇ. ನಂಬರು ವಾಪಸ್ ಬಂದ್ವಲ್ಲ... ಅವುಗಳ ಹಿಂದೇನೇ ಇವ್ರೂ ಬಂದ್ರು."

ನಾನು ಆಡಿದ ಮಾತು. ನಾನೇ ಹಂಚಿದ ಬಿಸ್ಕತ್ತು. ಅಳಲು ಹೊತ್ತಿರಲಿಲ್ಲ. ಅತ್ತೆ ತಲುಪಲು ಮುಕ್ಕಾಲು ಗಂಟೆಯಾದರೂ ಬೇಕು. ಅಷ್ಟು ಹೊತ್ತು ಇವಳನ್ನು ಆ ಪೋಸ್ಟಾಫೀಸಿನಲ್ಲಿ ಹಿಡಿದು ಕೂರಿಸುವುದು ಹೇಗೆ? ನೋಟ್‌ಬುಕ್ ಕಣ್ಣಿಗೆ ಬಿತ್ತು. ಎಳೆದುಕೊಂಡೆ.

"ನೀಲಕ್ಕ, ನನ್ನ ಮಾತು ಕೇಳು." ಅಂದು ಮೊದಲ ಸಲ ಅವಳನ್ನು 'ನೀನು' ಎಂದೆ. "ಅವ್ರು ಏನಾದ್ರೂ ಅಂದ್ಕೊಳ್ಳಲಿ. ನೀನು ನನಗೆ ಉತ್ತರ ಕೊಡು. ಗೂಡ್ಸ್ ಶೆಡ್?"

"...ಹನ್ನೆರಡು."

"ಕನ್ನಡಕದ ಡಾಕ್ಟ್ರು?"

"ಎಪ್ಪತ್ತೊಂದು. ಸಾವಿತ್ರಿ, ಅವ್ರು ಬೈತಾವ್ರೆ."

"ಬೈಲಿ. ಸೀಮೆಎಣ್ಣೆ ಡಿಪೋ?"

"ಅರವತ್ತಾರು."

ಒಂದು ಪುಟ, ಎರಡು ಪುಟ. ಎಂತಹ ವಿಚಿತ್ರ! ಜೋರಾಗಿ, ತಡೆಯಿಲ್ಲದೆ ಕೇಳುತ್ತ ಹೋದಷ್ಟೂ ಅವಳು ನನ್ನ ಹಿಂದೆ ಬರುತ್ತಿದ್ದಳು. ನಾನು ಉಸಿರು ತೆಗೆದುಕೊಳ್ಳಲು ನಿಂತರೆ ಅವರು ಅವಳನ್ನು ಎಳೆಯುತ್ತಿದ್ದರು, ನಂಬರು ತಪ್ಪುತ್ತಿತ್ತು. ಮತ್ತೆ ಕೇಳಿದರೆ ಮತ್ತೆ ಸರಿ. ಪೋಸ್ಟ್ ಮಾಸ್ಟರು ನಡುವೆ ಫೋನು ತೆಗೆದುಕೊಂಡು, "ಅಮ್ಮಾ, ಎಲ್ಲಾ ಕೇಳಿಸ್ಕೊಂಡೆ, ನಾನು ಬಾಗಿಲಲ್ಲೇ ನಿಂತಿರ್ತೀನಿ, ನೀವು ಮಾತಾಡ್ತಾ ಇರಿ" ಎಂದರು. ಎದೆಯಲ್ಲಿ ಭಯದ ಜೊತೆಗೆ ಇನ್ನೊಂದು ಕುಣಿಯುತ್ತಿತ್ತು: ಅವೆಲ್ಲ ಇವೆ! ಒಂದೂ ಅಳಿಸಿಹೋಗಿಲ್ಲ! ಏನೋ ಅಡ್ಡ ನಿಂತಿದೆ, ಅಷ್ಟೇ!

ನೂರಾ ಐವತ್ತು ದಾಟಿದ್ದೆವು. ಆ ಕಡೆ ದೂರದಲ್ಲಿ ಒಂದು ದೊಡ್ಡ ದನಿ "ನೀಲಾ! ಏ ಮಗಾ!" ಎಂದಿತು. "ಅತ್ತೆ ಬಂದ್ರು" ಎಂದಳು ನೀಲಕ್ಕ. ಫೋನು ಎಲ್ಲಿಗೋ ಬಡಿದ ಸದ್ದು. ರಾಮಣ್ಣ ತಮ್ಮ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

ಎರಡು ದಿನದ ಮೇಲೆ ನೀಲಕ್ಕ, ಗಂಗಮ್ಮ, ನಾನು ಮೂವರೂ ತರೀಕೆರೆಯ ಬಸ್‌ಸ್ಟ್ಯಾಂಡಿನಲ್ಲಿ ಸೇರಿ ಶಿವಮೊಗ್ಗದ ಬಸ್ಸು ಹಿಡಿದೆವು. ಬೆಂಗಳೂರಿನ ಆಸ್ಪತ್ರೆ ಬಿಟ್ಟ ಮೇಲೆ ಶಿವಮೊಗ್ಗದ ಡಾಕ್ಟರ ಹತ್ತಿರವೇ ನೀಲಕ್ಕನ ಚಿಕಿತ್ಸೆ ನಡೆಯುತ್ತಿತ್ತು. ಗಂಗಮ್ಮನವರು ಗಟ್ಟಿ ಹೆಂಗಸು, ಕಚ್ಚೆ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು. "ನಮ್ಮ ದೇವ್ರು ಅಂತರಘಟ್ಟಮ್ಮಂಗೂ ಹೇಳ್ಕೊಂಡಿವ್ನಿ, ಡಾಕ್ಟ್ರಿಗೂ ಹೇಳ್ಕಂತೀನಿ. ಇಬ್ಬರಲ್ಲಿ ಯಾರ್ ಮಾಡುದ್ರೂ ಸರಿ" ಎಂದರು. ನನ್ನ ತಪ್ಪನ್ನು ಅವರಿಗೆ ದಾರಿಯಲ್ಲೇ ಹೇಳಿದೆ. ಅವರು ನನ್ನ ಕೈಮೇಲೆ ಒಮ್ಮೆ ಕೈಯಿಟ್ಟು, "ನೀನು ಫೋನು ಬಿಡ್ಲಿಲ್ವಲ್ಲ ತಾಯಿ" ಎಂದರಷ್ಟೆ. ನೀಲಕ್ಕ ಕಿಟಕಿಯಲ್ಲಿ ಕೆಮ್ಮಣ್ಣುಗುಂಡಿ ಬೆಟ್ಟದ ಸಾಲು ನೋಡುತ್ತ, "ಅಲ್ಲಿಗೊಂದು ಲೈನೈತೆ. ಮಳೆ ಹೊಡೆದ್ರೆ ಬಿದ್ದೋಗುತ್ತೆ" ಎಂದಳು. ಅಷ್ಟು ಮಾತೇ ನಮಗೆ ಹಬ್ಬವಾಗಿತ್ತು.

ಡಾಕ್ಟರು ಚಿಕ್ಕ ವಯಸ್ಸಿನವರು, ಕೂದಲು ಮಾತ್ರ ಬೇಗ ನರೆತಿತ್ತು. ನಾನು ಅಳುಕುತ್ತ ನೋಟ್‌ಬುಕ್ ಕೊಟ್ಟೆ. ಮೊದಲು ಸುಮ್ಮನೆ ಪುಟ ಮಗುಚಿದರು. ಆಮೇಲೆ ಕುರ್ಚಿ ಮುಂದಕ್ಕೆಳೆದು ಮತ್ತೆ ಮೊದಲಿಂದ ನೋಡಿದರು. ಮೂರನೆಯ ಸಲ ನೋಡುವಾಗ ಪೆನ್ನಿನಿಂದ ತಟ್ಟುತ್ತಿದ್ದರು.

"ಯಾರು ಹೇಳಿದ್ದು ನಿಮಗೆ ಹೀಗೆ ಬರೀರಿ ಅಂತ?"

"ಯಾರೂ ಇಲ್ಲ ಸಾರ್. ಸುಮ್ನೆ."

"ಸುಮ್ನೆ ಬರೆದದ್ದರಲ್ಲಿ ಇಡೀ ಕಥೆ ಇದೆಯಮ್ಮಾ! ಇಲ್ಲಿ ನೋಡಿ. ಮಾತ್ರೆ ತಗೊಳ್ತಿದ್ದಾಗ ಆರು, ಏಳು. ಬಿಟ್ಟಾಗ ಒಂದೇ ವಾರಕ್ಕೆ ಹದಿನೆಂಟು. ಆದ್ರೆ ಇಲ್ಲಿಂದ ಮತ್ತೆ ಬಿತ್ತು. ಮಾತ್ರೆನೇ ಇಲ್ಲ, ಆದ್ರೂ ಒಂಬತ್ತು. ಯಾಕೆ? ಕಾಯಿಲೆ ತಿರುಗಿ ಬಂತು. ಅಂದ್ರೆ ಕಾಯಿಲೆನೂ ಮರೆಸುತ್ತೆ, ಮಾತ್ರೆನೂ ಮರೆಸುತ್ತೆ. ದಾರಿ ಇವೆರಡರ ನಡುವೆ ಇದೆ."

ಅವರು ಕಾಯಿಲೆಯ ಹೆಸರು ಸ್ಕಿಜೋಫ್ರೀನಿಯಾ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಇಲ್ಲದ ದನಿಗಳು ಕೇಳಿಸುವುದು ಅದರ ಎದ್ದು ಕಾಣುವ ಭಾಗ. ಗಮನ, ನೆನಪು, ಚುರುಕು ಇವುಗಳನ್ನೂ ಅದು ಸದ್ದಿಲ್ಲದೆ ಕದಿಯುತ್ತದೆ ಎಂದರು. ಆಮೇಲೆ ನೀಲಕ್ಕನ ಎರಡು ಮಾತ್ರೆಗಳನ್ನು ಮೇಜಿನ ಮೇಲಿಟ್ಟರು. "ಈ ದೊಡ್ಡದು ಆ ದನಿಗಳಿಗೆ. ಇದು ಬೇಕೇ ಬೇಕು. ಸ್ವಲ್ಪ ಮಂಪರು ತರುತ್ತೆ. ಈ ಸಣ್ಣ ಬಿಳಿದು, ದೊಡ್ಡದ್ರಿಂದ ಬರೋ ಕೈನಡುಕಕ್ಕೆ. ಶುರುವಿನಲ್ಲಿ ದೊಡ್ಡದು ಜಾಸ್ತಿ ಇತ್ತು, ಅದಕ್ಕೆ ಇದೂ ದಿನಕ್ಕೆ ಮೂರು. ಬಾಯಿ ಒಣಗ್ಸೋದು, ಕಣ್ಣು ಮಂಜು ಮಾಡೋದು ಇದೇ. ಹೊಸದಾಗಿ ಕಲಿತದ್ದು ತಲೇಲಿ ನಿಲ್ಲದ ಹಾಗೆ ಮಾಡೋದ್ರಲ್ಲೂ ಇದರ ಪಾಲು ದೊಡ್ಡದು."

ಗಂಗಮ್ಮ ಆ ಸಣ್ಣ ಬಿಳಿ ಮಾತ್ರೆಯನ್ನೇ ದಿಟ್ಟಿಸಿದರು. "ಇಷ್ಟಗಲ ಇಲ್ಲ ಮುಂಡೇದು!"

ಡಾಕ್ಟರು ನಕ್ಕರು. "ಅದನ್ನ ಬೈಬೇಡಿ ಅಜ್ಜಿ, ಅದು ಅದರ ಕೆಲಸ ಮಾಡಿದೆ. ಈಗ ದೊಡ್ಡದನ್ನ ಮತ್ತೆ ಶುರು ಮಾಡೋಣ, ಮೊದಲಿಗಿಂತ ಕಮ್ಮಿ, ಮಲಗೋ ಹೊತ್ತಿಗೆ. ಸಣ್ಣದು ದಿನಕ್ಕೆ ಒಂದೇ, ಆಮೇಲೆ ನೋಡಿ ನೋಡಿ ಅರ್ಧ ಮಾಡಿ ನಿಲ್ಲಿಸೋಣ. ಅದನ್ನ ಮಾಡೋದು ನಾನು, ನೀವಲ್ಲ. ನೀವು ಬರೀಬೇಕು ಅಷ್ಟೆ." ನೀಲಕ್ಕನತ್ತ ತಿರುಗಿ ಹೇಳಿದರು: "ಮೊದಲಿನ ಹಾಗೇ ಆಗ್ತೀರಿ ಅಂತ ನಾನು ಮಾತು ಕೊಡಲ್ಲ. ಆದ್ರೆ ಈಗಿರೋದಕ್ಕಿಂತ ಚೆನ್ನಾಗಿ ಆಗ್ತೀರಿ."

ನೀಲಕ್ಕ ಕೇಳಿದಳು: "ದನಿ ಹೋಗಿ ನಂಬರು ಉಳಿಯೋ ಹಂಗೆ ಮಾಡ್ತೀರಾ?"

"ಪ್ರಯತ್ನ ಮಾಡ್ತೀನಮ್ಮ. ನೀವೂ ಮಾಡಬೇಕು."

ಆಗ ಶುರುವಾಯಿತು ನೋಡಿ ನಮ್ಮ ಕೆಲಸ! ನೀಲಕ್ಕ ರಜೆ ಹಾಕಿ ಅಜ್ಜಂಪುರದಲ್ಲಿ ಉಳಿದಳು. ಕೈನಡುಕ ಹೆಚ್ಚಾಯಿತೇ ಕಮ್ಮಿಯಾಯಿತೇ ಎಂದು ದಿನಾ ತಿಳಿಯಬೇಕಿತ್ತು. ಗಂಗಮ್ಮನವರಿಗೆ ಓದುಬರಹವಿಲ್ಲ. ಅವರು ಕಂಡುಕೊಂಡ ಉಪಾಯಕ್ಕೆ ಡಾಕ್ಟರೇ ತಲೆದೂಗಿದರು. ಬೆಳಿಗ್ಗೆ ನೀಲಕ್ಕನ ಕೈಯಲ್ಲೇ ಬಾಗಿಲಿಗೆ ರಂಗೋಲಿ ಹಾಕಿಸಿ ಎಳೆ ನೋಡುವುದು! ದಿನಸಿ ಅಂಗಡಿಯವರ ಕೈಲಿ ಚೀಟಿ ಬರೆಸಿ ಕಳಿಸುತ್ತಿದ್ದರು: "ಇವತ್ತು ಎಳೆ ನೆಟ್ಟಗೆ." "ಇವತ್ತು ಎಳೆ ಹಾವು ಹರಿದಂಗೆ." ನಾನು ಅದನ್ನೂ ನೋಟ್‌ಬುಕ್ಕಿನಲ್ಲಿ ಅಂಟಿಸುತ್ತಿದ್ದೆ. ಮಾತ್ರೆ ನುಂಗಿದ ಮೇಲೆ ಅತ್ತೆ "ಬಾಯ್ ತೆಗಿ" ಎಂದು ದೀಪ ಹಿಡಿದು ನೋಡುತ್ತಿದ್ದರಂತೆ. ಒಮ್ಮೆ ನೋಡಲು ಹೋದಾಗ ನೀಲಕ್ಕ ಇದನ್ನು ನನಗೆ ಹೇಳುವಾಗ ತುಟಿಯ ಕೊನೆ ಸ್ವಲ್ಪ ಮೇಲೆದ್ದಿತ್ತು. ಅದನ್ನೂ ಬರೆದೆ: "ಇಂದು ನಕ್ಕಳು."

ಕಾರ್ತಿಕ ಕಳೆಯುವಷ್ಟರಲ್ಲಿ ದನಿಗಳು ದೂರವಾದವು. "ಪಕ್ಕದ ಬೀದಿಗೆ ಹೋಗವ್ರೆ" ಎನ್ನುತ್ತಿದ್ದಳು. ಆಮೇಲೆ "ಪಕ್ಕದ ಊರಿಗೆ." ರಜೆ ಮುಗಿಸಿ ಬೋರ್ಡಿಗೆ ಬಂದಳು. ನಂಬರುಗಳು ಮಾತ್ರ ಈ ಸಲ ದಡದಡನೆ ಓಡಿ ಬರಲಿಲ್ಲ. ಎಂಟು, ಎಂಟು, ಒಂಬತ್ತು. ಸಣ್ಣ ಮಾತ್ರೆ ಅರ್ಧವಾಯಿತು: ಹನ್ನೊಂದು. ಪೂರ್ತಿ ನಿಂತಿತು: ಹತ್ತು, ಹನ್ನೆರಡು, ಹದಿಮೂರು! ಕೈ ಸ್ವಲ್ಪ ನಡುಗತೊಡಗಿ ಪ್ಲಗ್ ತೂತಿನ ಅಂಚಿಗೆ ತಾಗಿ ಜಾರುತ್ತಿತ್ತು. ಅದಕ್ಕೂ ಅವಳೇ ದಾರಿ ಕಂಡಳು. ಮಣಿಕಟ್ಟನ್ನು ಬೋರ್ಡಿನ ಅಂಚಿಗೆ ಊರಿ ಬೆರಳಷ್ಟನ್ನೇ ಆಡಿಸುವುದು.

ಇನ್ನೊಂದು ದಿನ ನಾನು ಹೆಸರು ಕೇಳುತ್ತಿದ್ದಂತೆ ಅವಳು ಕಣ್ಣು ಮುಚ್ಚಿದಳು. "ಇರು, ನಡ್ಕೊಂಡು ಹೋಗ್ತಿದೀನಿ" ಎಂದಳು.

"ಎಲ್ಲಿಗೆ?"

"ಸ್ಟೇಷನ್ ರಸ್ತೆಲಿ. ಮೊದ್ಲು ಹೋಟ್ಲು, ಮೂವತ್ತು. ಅದರ ಪಕ್ಕ ಸೈಕಲ್ ಶಾಪು, ಐವತ್ತೆಂಟು. ಎದುರಿಗೆ ಬಟ್ಟೆ ಅಂಗ್ಡಿ, ತೊಂಬತ್ತು." ಕಣ್ಣು ತೆರೆದಳು. "ಮುಂಚೆ ನಂಬರು ತಾನಾಗೇ ಬಾಯಿಗೆ ಬರೋದು. ಈಗ ನಾನೇ ಅವರ ಮನೆ ಬಾಗಿಲಿಗೆ ಹೋಗಿ ತರ್ತೀನಿ ಕಣೇ!"

ನಾನು ಕುಣಿಯುವುದೊಂದು ಬಾಕಿ. ಊಟದ ಹೊತ್ತಿನಲ್ಲಿ ಇಬ್ಬರೂ ನಿಜವಾಗಿ ರಸ್ತೆಗಿಳಿದು ನಡೆಯತೊಡಗಿದೆವು. ಮಾಗಿಯ ಬಿಸಿಲು, ಮಂಡಿಯ ಮುಂದೆ ಕೊಬ್ಬರಿಯ ರಾಶಿ. ಅಂಗಡಿಯ ಮುಂದೆ ನಿಂತು ಅವಳು ನಂಬರ್ ಹೇಳಿದರೆ ಒಳಗಿನಿಂದ "ಸರಿಯಾಗೈತೆ ನೀಲಮ್ಮಾ!" ಎಂದು ಕೂಗುತ್ತಿದ್ದರು. ಇಡೀ ಕಡೂರೇ ಅವಳ ಪರೀಕ್ಷೆಗೆ ಓದುತ್ತಿತ್ತು. ಸಂಕ್ರಾಂತಿಯ ಎಳ್ಳು ಹಂಚುವ ಹೊತ್ತಿಗೆ ಹದಿನೇಳು, ಹದಿನೆಂಟು. ಇಪ್ಪತ್ತಕ್ಕೆ ಇಪ್ಪತ್ತು ಎಂದೂ ಆಗಲಿಲ್ಲ.

ಆಫೀಸರ್ ಬಂದದ್ದು ಸೋಮವಾರ, ಮಂಡಿಯ ದಿನ, ಮುಚ್ಚಳಗಳು ಮಳೆಹನಿಯಂತೆ ಬೀಳುವ ದಿನ. ಎತ್ತರದ ಮನುಷ್ಯ, ಕೈಯಲ್ಲಿ ಗಡಿಯಾರ. ನೀಲಕ್ಕ ಎದ್ದು ನಿಂತು ನಮಸ್ಕಾರ ಮಾಡಿ, ಕೂರುವ ಮೊದಲೇ ಹೇಳಿಬಿಟ್ಟಳು: "ಸಾರ್, ನಾನು ಮಾತ್ರೆ ತಗೋತೀನಿ. ಯಾವಾಗ್ಲೂ ತಗೋಬೇಕು. ಮೊದಲಿನಷ್ಟು ಬೇಗ ಆಗಲ್ಲ. ನೋಡಿ." ರಾಮಣ್ಣ ಕಣ್ಣು ಮುಚ್ಚಿಕೊಂಡರು.

ಒಂದು ಗಂಟೆ. ನನ್ನನ್ನು ಹಿಂದಿನ ಬೆಂಚಿಗೆ ಕಳಿಸಿದ್ದರು. ಟಕ್. "ನಂಬರ್ ಪ್ಲೀಸ್." ಮಣಿಕಟ್ಟು ಊರಿತು, ಪ್ಲಗ್ ಹೋಯಿತು. ಟಕ್, ಟಕ್. ಗಿರಣಿ, ಮಂಡಿ, ತರೀಕೆರೆಗೆ ಟ್ರಂಕ್, ಬೀರೂರಿಗೆ ಅರ್ಜೆಂಟ್. ನಡುನಡುವೆ ಕಣ್ಣು ಅರೆಗಳಿಗೆ ಮುಚ್ಚುತ್ತಿತ್ತು. ನನಗೆ ಗೊತ್ತು, ರಸ್ತೆಯಲ್ಲಿ ನಡೆಯುತ್ತಿದ್ದಾಳೆ! ಬೆಂಚಿನ ಮೇಲೆ ನನ್ನ ಕಾಲೂ ಅವಳ ಜೊತೆ ನಡೆಯುತ್ತಿತ್ತು. ಬಲಕ್ಕೆ ತಿರುಗು, ಔಷಧಿ ಅಂಗಡಿ, ಹಾಂ! ಪ್ಲಗ್ ಬಿತ್ತು!

ನಲವತ್ತು ನಿಮಿಷವಾಗಿತ್ತು. ಯಾರೋ ಒಬ್ಬರು ಒಂದು ಮನೆಯ ಹೆಸರು ಕೇಳಿದರು. ಅವಳ ಕೈ ಗಾಳಿಯಲ್ಲಿ ನಿಂತಿತು. ಒಂದು, ಎರಡು, ಮೂರು ಸೆಕೆಂಡ್. ಅದರೊಳಗೆ ಇನ್ನೆರಡು ಮುಚ್ಚಳ ಬಿದ್ದವು. ನನಗೆ ಆ ನಂಬರ್ ಗೊತ್ತಿತ್ತು, ಕೂಗಲು ಬಾಯಿ ತುರಿಸುತ್ತಿತ್ತು. ನೀಲಕ್ಕ, "ಒಂದ್ನಿಮಿಷ ಇರಿ ಸ್ವಾಮಿ, ನೆನಪಾಗ್ತಿಲ್ಲ, ನೋಡಿ ಕೊಡ್ತೀನಿ" ಎಂದು ಪುಸ್ತಕ ತೆಗೆದು, ಹಾಳೆ ತಿರುವಿ, ಬೆರಳಿಟ್ಟು ಓದಿ, ಜೋಡಿಸಿದಳು. ಆಫೀಸರ್ ಏನೋ ಬರೆದುಕೊಂಡರು. ಮುಗಿಯಿತು ಎಂದುಕೊಂಡೆ.

ಗಂಟೆ ತುಂಬಿತು. ಆಫೀಸರ್ ಗಡಿಯಾರ ಜೇಬಿಗಿಳಿಸಿ ಹೇಳಿದರು: "ವೇಗ ಕಮ್ಮಿ. ಆದ್ರೆ ಒಂದ್ ಗಂಟೆ, ಮಂಡಿ ದಿನ, ಒಂದೂ ರಾಂಗ್ ನಂಬರ್ ಇಲ್ಲ. ನೆನ್ಪಿಲ್ದಿದ್ರೆ ಪುಸ್ತಕ ತೆಗೆದ್ರಿ. ಎಷ್ಟೋ ಜನ ಅಂದಾಜಿಗೆ ಚುಚ್ಚಿಬಿಡ್ತಾರೆ. ಕೆಲಸ ಮಾಡಿ. ರಾತ್ರಿ ಡ್ಯೂಟಿ ಹಾಕಬೇಡಿ ರಾಮಣ್ಣ, ಇವರಿಗೆ ನಿದ್ದೆ ಮುಖ್ಯ."

ಆ ಮಾತಿನ ಮೇಲೆ ನೀಲಕ್ಕ, ಆಪರೇಟರೇ ಬೇಡದ ಆಟೋಮ್ಯಾಟಿಕ್ ಎಕ್ಸ್‌ಚೇಂಜ್ ಬರುವತನಕ ಆ ಬೋರ್ಡಿನಲ್ಲೇ ಕೂತಳು. ನಡುವೆ ಎರಡು ಸಲ ಕಾಯಿಲೆ ತಲೆಯೆತ್ತಿತು, ಎರಡು ಸಲವೂ ಅವಳೇ ಮೊದಲು ಗುರುತಿಸಿ ಡಾಕ್ಟರ ಹತ್ತಿರ ಹೋದಳು. ಅದೆಲ್ಲ ಆಮೇಲಿನ ಮಾತು. ಅಂದು ಆಫೀಸರ ಜೀಪು ತಿರುವು ದಾಟಿದ್ದೇ ತಡ, ರಾಮಣ್ಣ "ಸರ್ವೀಸ್ ಕಾಲ್ ಅಂತ ಬರ್ಕೊಳ್ಳಮ್ಮ, ಬಿಲ್ ಬೇಡ" ಎಂದು ಅಜ್ಜಂಪುರದ ದಿನಸಿ ಅಂಗಡಿಗೆ ಲೈನ್ ಕೊಡಲು ನನಗೆ ಹೇಳಿದರು. ಗಂಗಮ್ಮನವರು ಬೆಳಗಿನಿಂದ ಅಲ್ಲೇ ಅಕ್ಕಿ ಮೂಟೆಯ ಮೇಲೆ ಕೂತಿದ್ದರಂತೆ. ಜನ್ಮದಲ್ಲಿ ಫೋನು ಮುಟ್ಟಿದವರಲ್ಲ. ಅಂಗಡಿಯವರು ಅವರ ಕಿವಿಗೆ ಹಿಡಿಸಿದರು. ನಾನು ಲೈನಿನಲ್ಲಿ ಇರಬಾರದಿತ್ತು. ಇದ್ದೆ.

"ಅತ್ತೆ, ನಾನು" ಎಂದಳು ನೀಲಕ್ಕ. "ಕೆಲಸ ಉಳೀತು."

ಆ ಕಡೆ ಗಂಗಮ್ಮ, ಊರಿಗೆಲ್ಲ ಕೇಳುವಂತೆ, ಆದರೂ ಅಂಜುತ್ತ ಕೇಳಿದರು: "ಅಲ್ಲಿ ನೀನೊಬ್ಳೇನಾ ಮಗಾ?"

ನೀಲಕ್ಕ ಹೆಡ್‌ಸೆಟ್ಟನ್ನು ಎರಡೂ ಕೈಯಿಂದ ಕಿವಿಗೊತ್ತಿ ಸ್ವಲ್ಪ ಹೊತ್ತು ಆಲಿಸಿದಳು. ನನ್ನತ್ತ ನೋಡಲಿಲ್ಲ, "ನಿಂಗೂ ಕೇಳಿಸ್ತಾ?" ಎನ್ನಲಿಲ್ಲ.

"ಹೂಂ ಅತ್ತೆ," ಎಂದಳು. "ನಾನೊಬ್ಳೇ."